ಹೊಗೆಗೆ ವೀಸಾ ಬೇಕಿಲ್ಲ

(ಸಿಂಗಪುರದ ಕನ್ನಡಿಗ ಗೆಳೆಯರ ತಿಂಗಳ ಭೇಟಿಯಲ್ಲಿ ನಾನು ಆಡಿದ ಮಾತುಗಳಿವು. ಅಂದು ಬರಲಾಗದ ಕೆಲವರು ಕೇಳಿಕೊಂಡಿದ್ದರಿಂದ ಬರಹಕ್ಕಿಳಿಸಿ ಈ ಸಂಚಿಕೆಗೆ ಕಳಿಸುತ್ತಿದ್ದೇನೆ.)



ರಾಜ್ಯೋತ್ಸವದ ತಯಾರಿ ಬಗ್ಗೆ ಮಾತಾಡುವುದು ಬಿಟ್ಟು ಇವನು ಬೆಂಕಿ, ಹೊಗೆ ಅಂತ ಶುರುಮಾಡಿದನಲ್ಲ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಇಪ್ಪತ್ತು ನಿಮಿಷ ಸಹಿಸಿಕೊಳ್ಳಿ. ಹೇಗೂ ಊಟ ಬರುವುದು ತಡವಾಗುತ್ತದಂತೆ.

2013ರ ಜೂನ್ 21 ಇಲ್ಲಿರುವ ಹಳಬರಿಗೆಲ್ಲ ನೆನಪಿದೆ. ಆ ದಿನ ಮಧ್ಯಾಹ್ನ ಸಿಂಗಪುರದ ಪಿಎಸ್‌ಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಅಂಕಿ, 401 ಮುಟ್ಟಿತು. 300 ದಾಟಿದರೇ ಅಪಾಯ ಎನ್ನುತ್ತಾರೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ, ಮೊದಲೇ ಉಬ್ಬಸದ ಮಗು. ಕಿಟಕಿ ಸಂದಿಗೆಲ್ಲ ಒದ್ದೆ ಟವಲ್ ತುರುಕಿ, ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ನೆಬ್ಯುಲೈಸರ್ ಹಿಡಿದು ಕೂತಿದ್ದೆವು. ಮಾಸ್ಕ್ ಹುಡುಕಿಕೊಂಡು ಮೂರು ಅಂಗಡಿ ಸುತ್ತಿ ಬರಿಗೈಲಿ ಬಂದಿದ್ದೆ. ಪುತ್ತೂರಿನಿಂದ ಅಮ್ಮ ಫೋನ್ ಮಾಡಿದರು. ಅಲ್ಲಿ ಮಳೆ ಧೋ ಅಂತ ಸುರಿಯುವ ಸದ್ದು ನನಗೇ ಕೇಳಿಸುತ್ತಿತ್ತು.

"ಕಾಡಿಗೆ ಬೆಂಕಿಯಾ?" ಅಂದರು.

"ಬರೀ ಕಾಡಲ್ಲವಂತೆ ಅಮ್ಮ, ನೆಲವೇ ಉರಿಯುತ್ತಿದೆಯಂತೆ" ಅಂದೆ.

"ಮಣ್ಣಿಗೆ ಬೆಂಕಿ ಹಿಡಿಯುವುದುಂಟಾ ಮಾರಾಯ?"

ಆ ಪ್ರಶ್ನೆಗೆ ಉತ್ತರ ಅವತ್ತು ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿ, ನೋಡಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಸುಮಾತ್ರಾ, ಕಾಲಿಮಂತಾನ್ ಕಡೆ ಸಾವಿರಾರು ವರ್ಷಗಳಿಂದ ನೀರು ನಿಂತ ಜೌಗು ಕಾಡುಗಳಿವೆ. ಎಲೆ, ಟೊಂಗೆ, ಬೇರು ಎಲ್ಲ ಆ ನೀರಲ್ಲಿ ಬಿದ್ದು, ಗಾಳಿ ತಾಗದೆ, ಪೂರ್ತಿ ಕೊಳೆಯದೆ ಹಾಗೇ ಒಂದರ ಮೇಲೊಂದು ಕೂರುತ್ತವೆ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕೆಲವು ಕಡೆ ಆ ರಾಶಿ ಹತ್ತು ಮೀಟರಿಗಿಂತ ಆಳವಿದೆ. ಇದನ್ನೇ ಇಂಗ್ಲಿಷಿನವರು ಪೀಟ್ ಎನ್ನುತ್ತಾರೆ, ಇಂಡೋನೇಷ್ಯಾದವರು ಗಂಬುತ್. ನಾವು ಮಣ್ಣು ಅಂದುಕೊಂಡರೂ ಅದು ಮಣ್ಣಲ್ಲ, ಇನ್ನೂ ಕಲ್ಲಿದ್ದಲಾಗದ ಕಲ್ಲಿದ್ದಲು. ನೀರು ತುಂಬಿರುವಾಗ ಅದರ ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರೇ. ಹಾಗಿರುವಾಗ ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ. ಕಾಲುವೆ ತೋಡಿ ನೀರು ಬಸಿದು ಹಾಕಿದಿರೋ, ಆಗ ಶುರು. ಒಮ್ಮೆ ಹೊತ್ತಿದರೆ ನಮ್ಮ ಉಮಿಯ ಬೆಂಕಿಯ ಹಾಗೆ ಜ್ವಾಲೆಯಿಲ್ಲದೆ ಒಳಗೊಳಗೇ ಹರಿಯುತ್ತದೆ. ಇಲ್ಲಿ ಆರಿತು ಅನ್ನುವಷ್ಟರಲ್ಲಿ ಐವತ್ತು ಅಡಿ ಆಚೆ ಹೊಗೆಯಾಡುತ್ತದೆ. ಹೆಲಿಕಾಪ್ಟರಿನಿಂದ ನೀರು ಸುರಿದರೆ ಮೇಲಿನದಷ್ಟೇ ತಣ್ಣಗಾಗುವುದು. ಕೊನೆಗೆ ಅದನ್ನು ನಿಜಕ್ಕೂ ಆರಿಸುವುದು ಮಳೆಗಾಲ.

ಒಂದು ವಿಚಿತ್ರ ನೋಡಿ. ನಮ್ಮ ಕರಾವಳಿಗೆ ಮಳೆ ತರುವ ನೈರುತ್ಯ ಮಾರುತದ ತಿಂಗಳುಗಳಲ್ಲೇ ಸುಮಾತ್ರಾ ಒಣಗುತ್ತದೆ, ಆ ದಿಕ್ಕಿನ ಗಾಳಿಯೇ ಅದರ ಹೊಗೆಯನ್ನು ಸಿಂಗಪುರಕ್ಕೆ, ಮಲೇಷ್ಯಾಕ್ಕೆ ಹೊತ್ತು ತರುತ್ತದೆ. ಅಮ್ಮನ ಮನೆಯಲ್ಲಿ ಮಳೆ, ಮಗನ ಮನೆಯಲ್ಲಿ ಹೊಗೆ. ಎಲ್ ನಿನೋ ವರ್ಷವಾದರೆ ಇಲ್ಲಿಯ ಒಣಹವೆ ಇನ್ನೂ ಉದ್ದ.

ಈ ಕಾಲುವೆ ತೋಡಿದವರು ಯಾರು ಅಂತ ಕೇಳಿದರೆ ಮೊದಲ ದೊಡ್ಡ ಹೆಸರು ಸರ್ಕಾರದ್ದೇ. 1990ರ ದಶಕದ ಮಧ್ಯದಲ್ಲಿ ಸುಹಾರ್ತೊ ಮಧ್ಯ ಕಾಲಿಮಂತಾನಿನಲ್ಲಿ ಹತ್ತು ಲಕ್ಷ ಹೆಕ್ಟೇರ್ ಜೌಗು ನೆಲವನ್ನು ಗದ್ದೆ ಮಾಡುತ್ತೇನೆ ಎಂದು ಹೊರಟರು. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಲುವೆ ತೋಡಿದರು. ಭತ್ತ ಬರಲಿಲ್ಲ. ಹುಳಿ ನೆಲ, ಸತ್ವವಿಲ್ಲ, ಹೇಗೆ ಬರುತ್ತದೆ? ಸುಹಾರ್ತೊ ಅಧಿಕಾರ ಹೋದ ಮೇಲೆ ಯೋಜನೆ ನಿಂತಿತು, ಕಾಲುವೆಗಳು ಮಾತ್ರ ಹಾಗೇ ನೀರು ಬಸಿಯುತ್ತಾ ಉಳಿದವು. 1997ರಲ್ಲಿ ಎಲ್ ನಿನೋ ಬಂದಾಗ ಎಲ್ಲ ಹೊತ್ತಿಕೊಂಡಿತು. ಸೂಸನ್ ಪೇಜ್ ಮತ್ತು ಜೊತೆಗಾರರು 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಲೆಕ್ಕದಂತೆ ಆ ಒಂದು ವರ್ಷ ಇಂಡೋನೇಷ್ಯಾದ ಪೀಟ್ ಮತ್ತು ಕಾಡಿನ ಬೆಂಕಿಯಿಂದ ಹೊರಬಿದ್ದ ಇಂಗಾಲ 81 ಕೋಟಿಯಿಂದ 257 ಕೋಟಿ ಟನ್. ಇಡೀ ಜಗತ್ತು ಕಲ್ಲಿದ್ದಲು, ಪೆಟ್ರೋಲು ಸುಟ್ಟು ವರ್ಷಕ್ಕೆ ಬಿಡುತ್ತಿದ್ದುದರ ಶೇ. 13ರಿಂದ 40ರಷ್ಟು. ಸರವಾಕ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಆ ಸೆಪ್ಟೆಂಬರಿನಲ್ಲಿ ಹೊಗೆ ಮುಸುಕಿದ್ದ ಮೆಡಾನ್ ಹತ್ತಿರ ಗರುಡ ವಿಮಾನ ಬಿದ್ದು 234 ಜನ ಸತ್ತರು. ಸುಹಾರ್ತೊ ನೆರೆಯವರ ಕ್ಷಮೆ ಕೇಳಿದರು. 2013ರಲ್ಲಿ ಅಧ್ಯಕ್ಷರಾಗಿದ್ದ ಯುಧೊಯೊನೊ ಕೂಡ ಕೇಳಿದರು. 2015ರಲ್ಲಿ ಉಪಾಧ್ಯಕ್ಷ ಯೂಸುಫ್ ಕಲ್ಲಾ ಅವರ ಧಾಟಿಯೇ ಬೇರೆ. ವರ್ಷದ ಹನ್ನೊಂದು ತಿಂಗಳು ನಮ್ಮ ಕಾಡಿನ ಒಳ್ಳೆ ಗಾಳಿ ಕುಡಿಯುತ್ತೀರಿ, ಆಗ ಒಮ್ಮೆಯೂ ಧನ್ಯವಾದ ಹೇಳಿಲ್ಲವಲ್ಲ, ಎಂಬರ್ಥದಲ್ಲಿ ಮಾತಾಡಿದರು.

ನನಗೂ ಆಗ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ಕಾವೇರಿ ವಿಚಾರದಲ್ಲಿ ನಾವು ಮೇಲ್ದಂಡೆಯವರು, ನಮ್ಮ ವಾದ ಏನಿರುತ್ತದೆ ಅಂತ ಈ ಕೋಣೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಇಲ್ಲಿ ಗಾಳಿಯ ಲೆಕ್ಕದಲ್ಲಿ ನಾವು ಕೆಳದಂಡೆಯವರು. ಮೇಲಿರುವವನಿಗೂ ಹೊಟ್ಟೆಯಿದೆ, ಅವನ ನೆಲದ ಮೇಲೆ ಹಕ್ಕಿದೆ, ಹೊರಗಿನವರು ಬುದ್ಧಿ ಹೇಳಿದರೆ ರೇಗುತ್ತದೆ. ಹಾಗಂತ ಕೆಳಗಿರುವವನು ಉಸಿರಾಡದೇ ಇರಲಾದೀತೇ? ಇನ್ನೂ ಒಂದು ಮಾತು, ಎಲ್ಲರಿಗಿಂತ ಹೆಚ್ಚು ಹೊಗೆ ಕುಡಿಯುವವರು ಸಿಂಗಪುರದವರಲ್ಲ. 2015ರಲ್ಲಿ ಪಾಲಂಕರಾಯ ಊರಿನಲ್ಲಿ ಅಂಕಿ 2000 ದಾಟಿತ್ತು. ನಮ್ಮ 401 ಅದರ ಮುಂದೆ ಏನು?

ಆ ವರ್ಷ 26 ಲಕ್ಷ ಹೆಕ್ಟೇರ್ ಸುಟ್ಟಿತು. ಇಂಡೋನೇಷ್ಯಾಕ್ಕೆ ಆದ ನಷ್ಟ 1600 ಕೋಟಿ ಡಾಲರ್ ಅಂತ ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ಇಲ್ಲಿ ಸೆಪ್ಟೆಂಬರ್ 25ರಂದು ಶಾಲೆಗಳಿಗೆ ರಜೆ.

ಒಪ್ಪಂದ ಇರಲಿಲ್ಲವೇ? ಇತ್ತು. ಆಸಿಯಾನ್ ದೇಶಗಳು 2002ರ ಜೂನ್ 10ರಂದು ಕೌಲಾಲಂಪುರದಲ್ಲಿ ಗಡಿದಾಟುವ ಹೊಗೆಯ ಬಗ್ಗೆಯೇ ಒಪ್ಪಂದಕ್ಕೆ ಸಹಿ ಹಾಕಿದವು, 2003ರಲ್ಲಿ ಜಾರಿಗೂ ಬಂತು. ಆದರೆ ಬೆಂಕಿ ಹತ್ತುವ ದೇಶದ ಸಂಸತ್ತೇ ಅದನ್ನು ಒಪ್ಪಿದ್ದು 2014ರಲ್ಲಿ! ಒಪ್ಪಂದದಲ್ಲಿ ದಂಡವಿಲ್ಲ, ಜಗಳ ಬಂದರೆ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಅಂತಿದೆ. ಬೆಂಕಿ ಆರಿಸಲು ನೆರೆಯವರು ಬರಬೇಕಾದರೂ ಆ ದೇಶದ ಒಪ್ಪಿಗೆ ಬೇಕು. 2015ರಲ್ಲಿ ಸಿಂಗಪುರ ನೆರವು ಕೊಡುತ್ತೇನೆ ಅಂದಾಗ ಮೊದಲು ಬೇಡ ಅಂದು, ಅಕ್ಟೋಬರಿನಲ್ಲಿ ಹೂಂ ಅಂದರು. ಅಷ್ಟು ಹೊತ್ತಿಗೆ ಅದು ಹೆಲಿಕಾಪ್ಟರಿಗೆ ಬಗ್ಗುವ ಬೆಂಕಿಯಾಗಿರಲಿಲ್ಲ. 2020ಕ್ಕೆ ಹೊಗೆಯಿಲ್ಲದ ಆಸಿಯಾನ್ ಅಂತ ಒಂದು ಗುರಿಯನ್ನೂ ಇಟ್ಟುಕೊಂಡಿದ್ದರು. 2019ರಲ್ಲಿ ಮತ್ತೆ 16 ಲಕ್ಷ ಹೆಕ್ಟೇರ್ ಹೋಯಿತು.

ಹಾಗಾದರೆ ಒಪ್ಪಂದ ಬರೀ ಕಾಗದವೇ? ನನಗೆ ಹಾಗನ್ನಿಸುವುದಿಲ್ಲ. ಸಿಂಗಪುರದಲ್ಲಿರುವ ಆಸಿಯಾನ್ ಹವಾಮಾನ ಕೇಂದ್ರ ಉಪಗ್ರಹದಿಂದ ಬೆಂಕಿಯ ಚುಕ್ಕೆಗಳನ್ನು ನೋಡಿ ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಡುತ್ತದೆ. 2007ರಿಂದ 2011ರವರೆಗೆ ಸಿಂಗಪುರವು ಸುಮಾತ್ರಾದ ಜಾಂಬಿ ಪ್ರಾಂತ್ಯದ ಜೊತೆ ನೇರವಾಗಿ ಕೆಲಸ ಮಾಡಿತು. ಸುಡದೆ ಜಮೀನು ಹದಮಾಡುವುದನ್ನು ರೈತರಿಗೆ ಕಲಿಸುವುದು, ಗಾಳಿ ಅಳೆಯುವ ಕೇಂದ್ರ ಇಡುವುದು, ಇಂಥವು. ರಾಜಧಾನಿಗಳ ನಡುವೆ ಆಗದ ಮಾತು ಊರು ಊರಿನ ನಡುವೆ ಆಗುತ್ತದೆ ಅನ್ನುವುದಕ್ಕೆ ಅದು ಗುರುತು. ಅದನ್ನು ಮುಂದುವರಿಸದೇ ಬಿಟ್ಟಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ನಿಜವಾದ ಗಂಟು ಇರುವುದು ಭೂಪಟದಲ್ಲಿ. ಬೆಂಕಿಯ ಚುಕ್ಕೆ ಎಲ್ಲರಿಗೂ ಕಾಣುತ್ತದೆ. ಆ ಚುಕ್ಕೆ ಯಾರ ಜಮೀನಲ್ಲಿದೆ? 2013ರಲ್ಲಿ ಆಸಿಯಾನ್ ನಾಯಕರು ಭೂಪಟ ಹಂಚಿಕೊಳ್ಳುವ ವ್ಯವಸ್ಥೆಗೆ ಒಪ್ಪಿದರು, ಅದೂ ಸರ್ಕಾರದಿಂದ ಸರ್ಕಾರಕ್ಕೆ, ಒಂದೊಂದು ಪ್ರಕರಣ ನೋಡಿಕೊಂಡು. ಬಹಿರಂಗ ಮಾಡಲು ನಮ್ಮ ಕಾನೂನು ಬಿಡುವುದಿಲ್ಲ ಅಂತ ಇಂಡೋನೇಷ್ಯಾ, ಮಲೇಷ್ಯಾ ಎರಡೂ ಹೇಳಿದವು. 2014ರಲ್ಲಿ ಸಿಂಗಪುರ ತನ್ನದೇ ಕಾನೂನು ಮಾಡಿತು. ಹೊರದೇಶದಲ್ಲಿ ಬೆಂಕಿ ಹಾಕಿ ಇಲ್ಲಿಗೆ ಹೊಗೆ ಕಳಿಸಿದ ಕಂಪನಿಗೆ ದಿನಕ್ಕೆ ಒಂದು ಲಕ್ಷ ಡಾಲರ್, ಒಟ್ಟು ಇಪ್ಪತ್ತು ಲಕ್ಷದವರೆಗೆ ದಂಡ. 2015ರಲ್ಲಿ ಕೆಲವು ಕಂಪನಿಗಳಿಗೆ ನೋಟೀಸೂ ಹೋಯಿತು. ಆದರೆ ಜಮೀನು ಯಾರದು ಅಂತ ಸಾಬೀತು ಮಾಡಲು ಮತ್ತೆ ಅದೇ ಭೂಪಟ ಬೇಕು.

ಇಲ್ಲಿ ನನ್ನದೊಂದು ವಿಷಯ ಹೇಳಿಕೊಳ್ಳಬೇಕು. 2013ರಲ್ಲಿ ನಾನು ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿದ್ದೆ, ಹೆಸರು ಬೇಡ. ತೋಟದ ಕಂಪನಿಗಳಿಗೆ ಕೊಡುವ ಸಾಲದ ವಿವರ ತುಂಬುವ ಪರದೆಗಳನ್ನು ನಮ್ಮ ತಂಡವೇ ಬರೆದಿತ್ತು. ಕಂಪನಿಯ ಹೆಸರಿಗೆ, ಕಚೇರಿ ವಿಳಾಸಕ್ಕೆ, ಎಷ್ಟು ಹೆಕ್ಟೇರ್ ಅನ್ನುವುದಕ್ಕೆ ಜಾಗವಿತ್ತು. ಆ ಹೆಕ್ಟೇರು ಭೂಮಿಯ ಮೇಲೆ ಎಲ್ಲಿದೆ ಅನ್ನುವುದಕ್ಕೆ ಒಂದು ಕಾಲಂ ಕೂಡ ಇರಲಿಲ್ಲ. ಹೊಗೆಯ ವಾರ ಮುಗಿದ ಮೇಲೆ ಒಂದು ಮೀಟಿಂಗಿನಲ್ಲಿ ಕೇಳಿದೆ, ಗಡಿಯ ನಕ್ಷೆ ಸೇರಿಸೋಣವೇ ಅಂತ. "ನಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ" ಅಂದರು. ನಾನು ಸುಮ್ಮನಾದೆ. ಪಿಆರ್ ಅರ್ಜಿ ಹಾಕಿದ್ದ ಸಮಯ, ಮನೆಯ ಕಂತು ಬೇರೆ. ಮನೆಯಲ್ಲಿ ಮಗಳ ಮೂಗಿಗೆ ನೆಬ್ಯುಲೈಸರ್ ಹಿಡಿಯುತ್ತಿದ್ದ ಇದೇ ಕೈ ಆಫೀಸಿನಲ್ಲಿ ಆ ಪರದೆಯನ್ನು ಹಾಗೇ ಬಿಟ್ಟಿತು. 2015ರ ಹೊಗೆ ಬಂದ ಮೇಲೆ ಮತ್ತೆ ಕೇಳಿದೆ, ಈ ಸಲ ಬರವಣಿಗೆಯಲ್ಲಿ. ಆ ಅಕ್ಟೋಬರಿನಲ್ಲಿ ಇಲ್ಲಿನ ಬ್ಯಾಂಕುಗಳ ಸಂಘ ಜವಾಬ್ದಾರಿಯಿಂದ ಸಾಲ ಕೊಡುವ ಬಗ್ಗೆ ಮಾರ್ಗಸೂಚಿ ಹೊರಡಿಸಿದ್ದರಿಂದ ನನ್ನ ಮಾತಿಗೆ ಸ್ವಲ್ಪ ತೂಕ ಬಂತು. ಕಾಲಂ ಸೇರಿತು, 'ಇಷ್ಟವಿದ್ದರೆ ತುಂಬಿ' ಅನ್ನುವ ಸೂಚನೆಯೊಂದಿಗೆ! ನಾನು ಬಿಡುವವರೆಗೂ ಬಹಳಷ್ಟು ಕಡತಗಳಲ್ಲಿ ಅದು ಖಾಲಿಯೇ ಇತ್ತು.

2018ರಲ್ಲಿ ಇಬ್ಬರು ಗೆಳೆಯರ ಜೊತೆ ಪಾಲಂಕರಾಯಕ್ಕೆ ಹೋಗಿದ್ದೆ. ಊರಾಚೆ ದೋಣಿಯಲ್ಲಿ ಕರೆದುಕೊಂಡು ಹೋದರು. ನೀರು ಕಡು ಚಹಾದ ಬಣ್ಣ. ಹಳೆಯ ಕಾಲುವೆಗೆ ಅಡ್ಡಲಾಗಿ ಎರಡು ಸಾಲು ಮರದ ಗೂಟ ನೆಟ್ಟು, ನಡುವೆ ಮಣ್ಣಿನ ಚೀಲ ತುಂಬಿದ್ದರು. ನನಗೆ ನಗು ಬಂತು, ಯಾಕೆಂದರೆ ಇದು ನಮ್ಮ ಕಟ್ಟ! ದಕ್ಷಿಣ ಕನ್ನಡದವರಿಗೆ ಗೊತ್ತು, ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡ ಕಟ್ಟ ಹಾಕಿ ಅಡಿಕೆ ತೋಟಕ್ಕೆ ನೀರು ನಿಲ್ಲಿಸುವುದು. ಇವರೂ ಅದನ್ನೇ ಮಾಡಿದ್ದಾರೆ, ನೆಲ ಒದ್ದೆಯಾಗಿರಲಿ ಅಂತ. 2015ರ ಬೆಂಕಿಯ ನಂತರ ಇಂಡೋನೇಷ್ಯಾ ಸರ್ಕಾರ 2016ರಲ್ಲಿ ಪೀಟ್ ನೆಲ ಸರಿಪಡಿಸಲೆಂದೇ ಒಂದು ಸಂಸ್ಥೆ ಮಾಡಿ ಇಂಥ ಸಾವಿರಾರು ಕಟ್ಟ ಹಾಕಿಸಿತು. ನೀರಿನ ಮಟ್ಟ ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು ಅಂತ ನಿಯಮವೂ ಬಂತು. ಕಟ್ಟ ತೋರಿಸಿದ ರೈತ ಹೇಳಿದ್ದು ಇಷ್ಟು: ಬೇಸಿಗೆಯಲ್ಲಿ ದೋಣಿ ದಾಟಿಸಲು ಯಾರೋ ಒಡೆದು ಹೋಗುತ್ತಾರೆ, ಮತ್ತೆ ಕಟ್ಟಲು ಹಣ ಬರುವುದಿಲ್ಲ. ನಮ್ಮೂರಿನಲ್ಲಿ ಕಟ್ಟ ವರ್ಷಾ ವರ್ಷ ಹಾಕಬೇಕು ಅಂತ ಎಲ್ಲರಿಗೂ ಗೊತ್ತಿದೆ. ಯೋಜನೆಗಳಿಗೆ ಗೊತ್ತಿರುವುದಿಲ್ಲ. ಸುಡಬೇಡ ಅಂದರೆ ಸುಡದೆ ಸ್ವಚ್ಛ ಮಾಡಲು ಯಂತ್ರದ ಬಾಡಿಗೆ ಯಾರು ಕೊಡುತ್ತಾರೆ ಅಂತಲೂ ಅವನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಘಟ್ಟದ ಕುಮರಿ ಬೇಸಾಯಗಾರರನ್ನು ಬ್ರಿಟಿಷರು ಕಾಡಿನ ಶತ್ರುಗಳು ಅಂದಿದ್ದು ನೆನಪಾಯಿತು. ಅದೇ ಕಾಡಿನ ಮರ ಕಡಿದು ಸಾಗಿಸಿದವರು ಯಾರು?

ಆತಂಕವೂ ಇದೆ. 2020ರಿಂದ ಅದೇ ಹಳೆಯ ಅಕ್ಕಿ ಯೋಜನೆಯ ನೆಲದ ಒಂದು ಭಾಗದಲ್ಲಿ ಸರ್ಕಾರ ಮತ್ತೆ ಆಹಾರ ಬೆಳೆಯಲು ಹೊರಟಿತು. ಒಮ್ಮೆ ಕಲಿತ ಪಾಠ ಎಷ್ಟು ಬೇಗ ಮರೆಯುತ್ತದೆ!

ಇದರಲ್ಲಿ ನಮ್ಮ ಪಾಲೂ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ. ರೇಷನ್ ಅಂಗಡಿಯ ಪಾಮೋಲಿನ್, ಬೇಕರಿಯ ಬಿಸ್ಕತ್ತು, ಸೋಪು, ಎಲ್ಲದರಲ್ಲೂ ಅದಿದೆ. 2022ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಮೂರು ವಾರ ರಫ್ತು ನಿಲ್ಲಿಸಿದಾಗ ನಮ್ಮಲ್ಲಿ ಎಷ್ಟು ಗಾಬರಿಯಾಯಿತು ನೆನಪಿಸಿಕೊಳ್ಳಿ. ಹಾಗಂತ ತಾಳೆ ಎಣ್ಣೆಯನ್ನೇ ಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಹೆಕ್ಟೇರಿಗೆ ಅಷ್ಟು ಎಣ್ಣೆ ಕೊಡುವ ಬೆಳೆ ಇನ್ನೊಂದಿಲ್ಲ, ಬೇರೆ ಬೆಳೆಗೆ ಇನ್ನೂ ಹೆಚ್ಚು ಜಮೀನು ಬೇಕಾಗುತ್ತದೆ. ಪೀಟ್ ನೆಲದಲ್ಲಿ ಬೆಳೆದದ್ದು ಬೇಡ, ಯಾವ ತೋಟದಿಂದ ಬಂತು ಹೇಳಿ ಅನ್ನುವುದು ನನ್ನ ಮಾತು. ಇದನ್ನು ಕೇಳಬಲ್ಲ ದೊಡ್ಡ ಗಿರಾಕಿ ನಮ್ಮ ದೇಶ. ಯುರೋಪಿನವರು ಕೇಳಿದರೆ ದೊಡ್ಡಣ್ಣನ ಧೋರಣೆ ಅಂತ ತಳ್ಳಿಹಾಕಬಹುದು, ನಾವು ಕೇಳಿದರೆ ಹಾಗನ್ನುವುದು ಕಷ್ಟ.

ಈಗ ಕೇಳಿಕೊಳ್ಳುವುದು ಇಷ್ಟೇ. ಈ ಕೋಣೆಯಲ್ಲೇ ಬ್ಯಾಂಕಿನವರು, ವಿಮೆಯವರು, ಸರಕು ವ್ಯಾಪಾರದ ಕಂಪನಿಗಳಲ್ಲಿರುವವರು ಕಡಿಮೆಯೆಂದರೂ ಎಂಟು ಹತ್ತು ಜನ ಇದ್ದೀರಿ. ನಿಮ್ಮ ಕಂಪನಿಯ ಕಡತದಲ್ಲಿ ತೋಟದ ನಕ್ಷೆಗೆ ಜಾಗವಿದೆಯೇ, ಅದನ್ನು ತುಂಬುವುದು ಕಡ್ಡಾಯವೇ, ಇಷ್ಟನ್ನು ಮುಂದಿನ ತಿಂಗಳ ಭೇಟಿಯೊಳಗೆ ತಿಳಿದುಕೊಂಡು ಬನ್ನಿ. ಕೇಳಲು ಅಳುಕಾದರೆ ಯಾಕೆ ಅಳುಕು ಅಂತ ನನಗೆ ಚೆನ್ನಾಗಿ ಗೊತ್ತು, ಯಾರನ್ನೂ ಬೈಯುವುದಿಲ್ಲ. ನಾನು ಬರೆದಿದ್ದ ಮಿಂಚೆಯ ಒಕ್ಕಣೆ ನನ್ನ ಬಳಿ ಇನ್ನೂ ಇದೆ. ಬೇಕಾದವರು ಊಟದ ಹೊತ್ತಲ್ಲಿ ಕೇಳಿ, ಬ್ಯಾಂಕಿನ ಹೆಸರು ತೆಗೆದು ಕೊಡುತ್ತೇನೆ.