ತಂತಿಯೊಳಗಿನ ಗದ್ದಲ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಅಮೆರಿಕದ ಒಂದು ಮನೆಯಲ್ಲಿ ನಡೆಯಲು ಕಷ್ಟಪಡುವ ವೃದ್ಧರೊಬ್ಬರಿದ್ದಾರೆ ಎನ್ನೋಣ. ಹಾಸಿಗೆಯ ಬಳಿಯ ಗುಂಡಿ ಒತ್ತಿದರೆ ನಡುಮನೆಯ ದೀಪ ಹತ್ತಬೇಕು. ಬೆಳಗ್ಗೆ ಹತ್ತುತ್ತದೆ, ರಾತ್ರಿ ಮಕ್ಕಳು ಟಿ.ವಿ. ಹಾಕಿದಾಗ ಹತ್ತುವುದಿಲ್ಲ. ಕತ್ತಲೆಯಲ್ಲಿ ಎದ್ದು ಹೊರಟರೆ ಬೀಳುವ ಭಯ. ಉಪಕರಣ ಕೆಟ್ಟಿತೆಂದು ಹೊಸದನ್ನು ಕೊಂಡರೂ ಅದೇ ಕಥೆ. ಇಂಥಲ್ಲಿ ದೋಷ ಬಹುಮಟ್ಟಿಗೆ ಉಪಕರಣದ್ದಲ್ಲ, ತಂತಿಯೊಳಗಿನ ಗದ್ದಲದ್ದು. ಅದನ್ನು ಸೋಸುವ ಬಗೆಯೇ ನಮ್ಮ ಇಂದಿನ ವಿಷಯ.

ಮನೆಯ ವಿದ್ಯುತ್ ತಂತಿಯ ಮೇಲೆಯೇ ಸನ್ನೆ ಕಳುಹಿಸುವ ಎಕ್ಸ್-10 ಎಂಬ ಏರ್ಪಾಡನ್ನು 1975ರಲ್ಲಿ ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ರೂಪಿಸಿದರು. 1978ರಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂದಿತು. ಬೇರೆ ತಂತಿ ಎಳೆಯುವ ಖರ್ಚಿಲ್ಲವೆಂದು ಜನರು ಮೆಚ್ಚಿದರು.

ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಆವೃತ್ತಿಯದು. ಆದುದರಿಂದ ವೋಲ್ಟೇಜು ಸೆಕೆಂಡಿಗೆ 120 ಸಲ ಸೊನ್ನೆಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ 50 ಆವೃತ್ತಿ, ಎಂದರೆ 100 ಸಲ. ಆ ಶಾಂತ ಗಳಿಗೆಯಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು, 120 ಕಿಲೋಹರ್ಟ್ಸಿನ ಸಣ್ಣ ಸನ್ನೆಯೊಂದನ್ನು ತಂತಿಗೆ ಬಿಡುತ್ತಾರೆ. ಸನ್ನೆ ಬಂದುದು, ಬಾರದಿದ್ದುದು, ಇವೆರಡನ್ನು ಜೋಡಿಸಿಯೇ ಆಜ್ಞೆ ರಚಿಸುತ್ತಾರೆ.

ಮುಂದೆ ಮನೆಮನೆಗೆ ಕಂಪ್ಯೂಟರು, ಚಾರ್ಜರು, ಎಲ್‌ಇಡಿ ದೀಪಗಳು ಬಂದವು. ಇವುಗಳಲ್ಲಿ ಅನೇಕವು ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುತ್ತವೆ. ಅದರ ಗದ್ದಲ ತಂತಿಗೆ ಹರಿದು ಸನ್ನೆಯನ್ನು ಮುಚ್ಚಿಬಿಡುತ್ತದೆ. ಇನ್ನೊಂದು ತೊಂದರೆಯೂ ಉಂಟು. ಗದ್ದಲ ಹೊರಬೀಳದಿರಲೆಂದು ಕೆಲವು ಯಂತ್ರಗಳೊಳಗೆ ಕೆಪಾಸಿಟರು ಇಟ್ಟಿರುತ್ತಾರೆ. ಅದು ನಮ್ಮ ಸನ್ನೆಯನ್ನೂ ಗದ್ದಲವೆಂದೇ ಬಗೆದು ನುಂಗುತ್ತದೆ. ಒಂದು ಯಂತ್ರ ಕೂಗಾಡಿ ಕೆಡಿಸಿದರೆ, ಇನ್ನೊಂದು ಮೌನವಾಗಿಯೇ ಕೆಡಿಸುತ್ತದೆ.

ಪರಿಹಾರಕ್ಕೆ ಮೊದಲು ಬೇಕಾದುದು ಹಣವಲ್ಲ, ತಾಳ್ಮೆ. ಮನೆಯ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ದೀಪ ಹತ್ತುವುದೇ ಎಂದು ನೋಡಿರಿ. ಬಳಿಕ ಒಂದೊಂದನ್ನೇ ಮರಳಿ ಹಾಕುತ್ತ ಬನ್ನಿರಿ. ಯಾವುದನ್ನು ಹಾಕಿದಾಗ ಸನ್ನೆ ತಪ್ಪಿತೋ ಅದೇ ಅಪರಾಧಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಆರಿಸಿದ ಯಂತ್ರವೂ ಸನ್ನೆ ನುಂಗಬಲ್ಲದು. ಕೂಗಾಡುವ ಯಂತ್ರವನ್ನು ಹುಡುಕಲು ಮೀಡಿಯಂ ವೇವ್ ರೇಡಿಯೋ ಕೂಡ ನೆರವಾಗುತ್ತದೆ. ಗದ್ದಲದ ಚಾರ್ಜರಿನ ಹತ್ತಿರ ಹಿಡಿದರೆ ಅದು ಗೊರ್ರೆನ್ನುತ್ತದೆ. ಇದನ್ನು ನಮ್ಮ ಕೋಣೆಗಳಲ್ಲಿಯೂ ಮಾಡಿ ನೋಡಬಹುದು.

ಅಪರಾಧಿ ಸಿಕ್ಕ ಮೇಲೆ ಫಿಲ್ಟರನ್ನು ಅದಕ್ಕೂ ಗೋಡೆಯ ಪ್ಲಗ್ಗಿಗೂ ನಡುವೆ ಹಾಕಬೇಕು. ಅದರೊಳಗಿನ ತಂತಿಸುರುಳಿಯು ನಿಧಾನವಾದ ವಿದ್ಯುತ್ತಿಗೆ ದಾರಿ ಬಿಟ್ಟು, ವೇಗದ ಕಂಪನವನ್ನು ತಡೆಯುತ್ತದೆ. ಗದ್ದಲ ಹೊರಗೆ ಬಾರದು, ಸನ್ನೆ ಒಳಗೆ ಹೋಗಿ ಹಾಳಾಗದು. ಆದರೆ ದೀಪದ ಗ್ರಾಹಕ ಯಂತ್ರಕ್ಕೆ ಇದನ್ನು ಹಾಕಿದರೆ ಸನ್ನೆಯೇ ತಲಪದು. ಕಿವಿ ಕೇಳಿಸದೆಂದು ಕಿವಿಗೇ ಹತ್ತಿ ತುರುಕಿದಂತಾದೀತು!

ಒಂದು ಎಚ್ಚರಿಕೆ. 5 ಆಂಪಿಯರಿನ ಫಿಲ್ಟರಿಗೆ ನೀರು ಕಾಯಿಸುವ ಹೀಟರು ಸಿಕ್ಕಿಸಬಾರದು. ಹಣ ಉಳಿಸಲೆಂದು ಸಿಕ್ಕಿದ ಕೆಪಾಸಿಟರನ್ನು ಮನೆಯ ವಿದ್ಯುತ್ತಿಗೆ ಅಡ್ಡ ಜೋಡಿಸಲೂ ಬಾರದು. ಅದಕ್ಕೆಂದೇ ಮಾಡಿದ ಎಕ್ಸ್-2 ದರ್ಜೆಯದು ಬೇಕು. ಇಲ್ಲವಾದರೆ ಬೆಂಕಿಯ ಅಪಾಯ.

ಈಗಿನ ಹೊಸ ಉಪಕರಣಗಳಲ್ಲಿ ಬಹಳಷ್ಟು ರೇಡಿಯೋ ಅಲೆಯಿಂದ ನಡೆಯುತ್ತವೆ. ಆದರೂ ಈ ಪಾಠ ಹಳೆಯದಾಗಿಲ್ಲ. ನಮ್ಮಲ್ಲಿ ವಯರಿಂಗ್ ಕೆಲಸದ ಬಂಧುಗಳಿದ್ದಾರೆ. ಸಂಬಳದಲ್ಲಿ ಉಳಿಸಿ ಉಪಕರಣ ಕೊಳ್ಳುವ ಗುಮಾಸ್ತರಿದ್ದೇವೆ. ಕೆಲಸ ಮಾಡದ ಯಂತ್ರವನ್ನು ಕೆಟ್ಟಿತೆಂದು ಎಸೆಯುವ ಮುನ್ನ, ಅದರ ನೆರೆಹೊರೆಯನ್ನು ಒಂದು ಸಂಜೆ ಪರೀಕ್ಷಿಸೋಣ. ಒಬ್ಬರಿಗೆ ಕೂಲಿಯೊಂದಿಗೆ ಹೆಸರೂ ಬಂದೀತು, ಇನ್ನೊಬ್ಬರಿಗೆ ತಿಂಗಳ ಕೊನೆಯಲ್ಲಿ ನಾಲ್ಕು ಕಾಸು ಉಳಿದೀತು.