‘ನಿದ್ದೆ ಅಷ್ಟೇ’ ಅನ್ನಬೇಡಿ

ಇವತ್ತು ಬೇರೆಯವರ ತಪ್ಪು ಹುಡುಕಲ್ಲ. ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ.

ಎಲೆಕ್ಷನ್ ಕೌಂಟಿಂಗ್ ದಿನ. ಬೆಳಗಿನ ಜಾವ ಐದಕ್ಕೆ ಸ್ಟುಡಿಯೋ ಸೇರಿದವನು ಹೊರಬಿದ್ದಾಗ ರಾತ್ರಿ ಹನ್ನೊಂದು. ಕಾರು ಓಡಿಸಿಕೊಂಡು ಮನೆ ಮುಟ್ಟಿದ ಮೇಲೆ ಗೊತ್ತಾಯ್ತು, ಹೆಬ್ಬಾಳದ ಫ್ಲೈಓವರ್ ದಾಟಿದ್ದೇ ನೆನಪಿಲ್ಲ! ಬಾಗಿಲು ತೆಗೆದ ಹೆಂಡತಿ, ‘ಏನ್ರೀ, ಕಣ್ಣು ಕೆಂಪಗಿದೆ, ಕುಡಿದ್ರಾ?’ ಅಂದಳು. ‘ಇಲ್ಲ ಕಣೇ, ನಿದ್ದೆ ಅಷ್ಟೇ’ ಅಂದೆ.

ಆ ‘ಅಷ್ಟೇ’ ಇದೆಯಲ್ಲ, ಅಪಾಯ ಇರೋದೇ ಅಲ್ಲಿ. ಸತತ 17 ಗಂಟೆ ಎಚ್ಚರ ಇದ್ದವನು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನಷ್ಟೇ ಮಂಕಾಗಿರುತ್ತಾನೆ ಅಂತ ಸಂಶೋಧನೆಗಳು ಹೇಳಿವೆ. ನಮ್ಮ ಕಾನೂನಿನ ಮಿತಿ 30. ಒಂದು ಗುಟುಕೂ ಕುಡಿಯದ ನಾನು ಕುಡುಕನಂತೆ ಗಾಡಿ ಓಡಿಸಿದ್ದೆ. ಹಿಡಿಯೋಕೆ ಪೊಲೀಸರ ಹತ್ತಿರ ಮಷಿನ್ ಇಲ್ಲ!

2010ರ ಮೇ 22 ನೆನಪು ಮಾಡಿಕೊಳ್ಳಿ. ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಸತ್ತರು, ಉಳಿದವರು 8. ಸಾವಿನ ಲೆಕ್ಕ ನಾವೆಲ್ಲ ಓದಿದ್ವಿ. ಆಮೇಲೆ ಬಂದ ತನಿಖಾ ವರದಿ ಎಷ್ಟು ಜನ ಓದಿದ್ರು? ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆಯಲ್ಲಿದ್ದರು. ಗೊರಕೆ ರೆಕಾರ್ಡ್ ಆಗಿತ್ತು. ಇಳಿಯುವ ಹೊತ್ತಿಗೆ ಎದ್ದಿದ್ದರು. ‘ಮತ್ತೆ ಮೇಲೇರೋಣ’ ಅಂತ ಪಕ್ಕದ ಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. ಎದ್ದ ಮೇಲೂ ಉಳಿಯುವ ಮಂಪರು ಇದಕ್ಕೆ ಒಂದು ಕಾರಣ ಆಗಿರಬಹುದು ಅಂತ ವರದಿ ಹೇಳಿತು.

ಹಾಗಾಗಿ ಕೇಳಿ. ಪದೇಪದೇ ಆಕಳಿಕೆ, ಕಣ್ಣುರಿ, ಲೇನ್ ಬಿಟ್ಟು ಸರಿಯುವ ಗಾಡಿ, ದಾಟಿದ ದಾರಿಯೇ ಮರೆಯೋದು: ಇದರಲ್ಲಿ ಒಂದು ಕಂಡರೂ ಸಾಕು. ಕಿಟಕಿ ತೆಗೆದು ಹಾಡು ಜೋರು ಮಾಡಿದ್ರೆ ನಿದ್ದೆ ಹೋಗಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಇಪ್ಪತ್ತು ನಿಮಿಷ ಮಲಗಿ. ಎದ್ದ ತಕ್ಷಣ ಹೊರಡಬೇಡಿ. ಮುಖ ತೊಳೆದು, ಸ್ವಲ್ಪ ನಡೆದು, ಮಂಪರು ಇಳಿಯಲಿ.

ಮನೆಯಲ್ಲೂ ಅಷ್ಟೇ. ನೈಟ್ ಶಿಫ್ಟ್ ಮುಗಿಸಿ ಬಂದ ನರ್ಸ್ ಸೀದಾ ಒಲೆ ಮುಂದೆ ನಿಲ್ಲುತ್ತಾಳೆ. ಹಾಲಿಟ್ಟು ಕೂತಲ್ಲೇ ಕಣ್ಣು ಮುಚ್ಚಿದರೆ? ಹಾಲು ಉಕ್ಕಿ ಒಲೆ ಆರುತ್ತೆ, ಗ್ಯಾಸ್ ಬರ್ತಾನೇ ಇರುತ್ತೆ. ಅವತ್ತಿನ ತಿಂಡಿ ಮನೆಯವರು ಮಾಡಿದ್ರೆ ಏನು ಗಂಟು ಹೋಗುತ್ತೆ?

ಇನ್ನು ಟ್ರಿಪ್ ಮೇಲೆ ಟ್ರಿಪ್ ಹೊಡೆಸುವ ಮಾಲೀಕರೇ, ಐದು ಗಂಟೆ ದುಡಿದ ಡ್ರೈವರ್‌ಗೆ ಅರ್ಧ ಗಂಟೆ ಬಿಡುವು ಕೊಡಿ ಅಂತ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು. ನಿಮ್ಮ ಡ್ರೈವರ್ ನಿನ್ನೆ ಎಷ್ಟು ಹೊತ್ತು ಮಲಗಿದ್ದ, ಗೊತ್ತಾ?

ಕೌಂಟಿಂಗ್ ದಿನ ಈಗ ನಾನು ಕ್ಯಾಬ್‌ನಲ್ಲೇ ಮನೆಗೆ ಹೋಗೋದು. ಹತ್ತಿದ ಕೂಡಲೇ ಕೇಳ್ತೀನಿ: ‘ಅಣ್ಣಾ, ನಿದ್ದೆ ಆಗಿದೆಯಾ?’