ಕಾವೇರಿಯ ಹಾದಿ, ದೀಪದ ಋಣ

(ಉತ್ಸವದ ಸಂದರ್ಭದ ಉಪನ್ಯಾಸದ ಬರಹರೂಪ)



ಶ್ರೀ ಬೇಟರಾಯಸ್ವಾಮಿಯ ಊರಾದ ಈ ಡೆಂಕಣಿಕೋಟೆಯಲ್ಲಿ ಉತ್ಸವ ಬಂತೆಂದರೆ ಸಂಜೆಗೆ ಬೀದಿತುಂಬ ದೀಪ. ಗುಂಡಿ ಒತ್ತಿದರೆ ಬೆಳಕು. ಅದರ ಹಿಂದಿನ ಕಥೆಯನ್ನು ಕೇಳುವವರು ಕಡಿಮೆ. ಆ ಕಥೆಯ ಮೊದಲ ಅಧ್ಯಾಯಗಳಲ್ಲಿ ಒಂದು ಕಾವೇರಿಯಲ್ಲಿದೆ. ಆ ತಾಯಿ ಇಲ್ಲಿಗೆ ದೂರದವಳೂ ಅಲ್ಲ. ಅಂಚೆಟ್ಟಿಯ ಕಾಡು ದಾಟಿದರೆ ಬಿಳಿಗುಂಡ್ಲು. ಆ ಭಾಗದಲ್ಲಿ ಅವಳು ಎರಡು ರಾಜ್ಯಗಳ ಗಡಿಯಾಗಿ ಹರಿಯುತ್ತಾಳೆ.

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಕನ್ನಂಬಾಡಿ, ಶ್ರೀರಂಗಪಟ್ಟಣ, ತಲಕಾಡು ದಾಟಿ, ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತಾಳೆ. ಸಂಗಮದಲ್ಲಿ ಅರ್ಕಾವತಿ ಕೂಡುತ್ತದೆ. ಮೇಕೆದಾಟಿನ ಬಂಡೆಗಳ ನಡುವೆ ನುಸುಳಿ, ಬಿಳಿಗುಂಡ್ಲು, ಹೊಗೇನಕಲ್ಲು, ಮೇಟ್ಟೂರು, ಭವಾನಿ, ಶ್ರೀರಂಗಗಳ ಮೂಲಕ ಸಾಗಿ ಪೂಂಪುಹಾರಿನಲ್ಲಿ ಕಡಲು ಸೇರುತ್ತಾಳೆ. ಸುಮಾರು 800 ಕಿಲೋಮೀಟರುಗಳ ಪಯಣ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಧುಮ್ಮಿಕ್ಕುವ ನೀರಿನಿಂದ ವಿದ್ಯುತ್ ತೆಗೆಯುವ ಯೋಜನೆ ರೂಪುಗೊಂಡಿತು. ಕೇಂದ್ರ ಕೆಲಸ ಆರಂಭಿಸಿದ್ದು 1902ರಲ್ಲಿ. ಅದನ್ನು ನೋಡುವ ಭಾಗ್ಯ ದಿವಾನರಿಗೆ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಆ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ನಡೆದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಆದರೆ ಬೇಸಿಗೆಯಲ್ಲಿ ಹೊಳೆ ಬಡವಾಗುತ್ತಿತ್ತು, ಗಣಿಯ ಯಂತ್ರ ಕಾಯುತ್ತಿರಲಿಲ್ಲ. ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕೆಂಬುದೂ ಕನ್ನಂಬಾಡಿ ಕಟ್ಟೆಗೆ ಒಂದು ಮುಖ್ಯ ಕಾರಣವಾಯಿತು. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರರಾಗಿದ್ದಾಗ 1911ರಲ್ಲಿ ಕೆಲಸ ಆರಂಭವಾಯಿತು. ಕೆಳಗೆ ಮೇಟ್ಟೂರು ಅಣೆಕಟ್ಟು 1925ರಿಂದ 1934ರವರೆಗೆ ಎದ್ದಿತು. 120 ಅಡಿಯ ಮಟ್ಟಕ್ಕೆ ತುಂಬಿದರೆ ಸುಮಾರು 93 ಟಿ.ಎಂ.ಸಿ. ನೀರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 1937ರಲ್ಲಿ ಅಲ್ಲಿಯೂ ವಿದ್ಯುದಾಗಾರ ನಡೆಯತೊಡಗಿತು.

ಇಲ್ಲೊಂದು ಸೂಕ್ಷ್ಮವಿದೆ. ವಿದ್ಯುತ್ ಚಕ್ರ ನೀರನ್ನು ಕುಡಿಯುವುದಿಲ್ಲ. ಮೇಲಿಂದ ಬಿದ್ದ ನೀರು ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಸೇರುತ್ತದೆ. ಹಾಗಾದರೆ ಜಗಳವೇಕೆ? ಜಗಳ ಕಾಲದ್ದು. ನೀರನ್ನು ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬುದರಲ್ಲೇ ಎಲ್ಲವೂ ಇದೆ. ತಂಜಾವೂರಿನ ರೈತ ಜೂನ್ 12ರಂದು ಮೇಟ್ಟೂರಿನ ಬಾಗಿಲು ತೆರೆಯಲೆಂದು ಕಾಯುತ್ತಾನೆ. ಮೇಟ್ಟೂರಿನ ವಿದ್ಯುತ್ತು ಬಹುಪಾಲು ಹಾಗೆ ಬೇಸಾಯಕ್ಕೆ ಬಿಟ್ಟ ನೀರಿನಿಂದಲೇ ಹುಟ್ಟುತ್ತದೆ. ಮೊದಲು ಗದ್ದೆ, ಆಮೇಲೆ ದೀಪ!

ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತಮಿಳುನಾಡಿಗೆ ಗೊತ್ತುಮಾಡಿದ 177.25 ಟಿ.ಎಂ.ಸಿ.ಯನ್ನು ಅಳೆಯುವುದು ಇದೇ ಬಿಳಿಗುಂಡ್ಲುವಿನಲ್ಲಿ. ದೆಹಲಿಯವರೆಗೆ ಮಾತಿಗೆ ಬರುವ ಲೆಕ್ಕ ಈ ಸೀಮೆಯ ಅಂಚಿನ ಒಂದು ಹಳ್ಳಿಯ ಹೊಳೆದಂಡೆಯದು.

ಇನ್ನೊಂದು ಋಣವೂ ಉಂಟು. ಕನ್ನಂಬಾಡಿಯ ಹಿನ್ನೀರಿನಲ್ಲಿ ವೇಣುಗೋಪಾಲಸ್ವಾಮಿಯ ಗುಡಿ ಮುಳುಗಿತು. ಎಷ್ಟೋ ಕಾಲದ ಮೇಲೆ ಅದರ ಕಲ್ಲುಗಳನ್ನು ತೆಗೆದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಯಿತು. ಮೇಟ್ಟೂರಿನ ನೀರು ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ನಂದಿಯೂ ಇಗರ್ಜಿಯ ಗೋಪುರವೂ ತಲೆಯೆತ್ತುತ್ತವೆ. ದೇವರಿಗೇ ಊರು ಬಿಡಬೇಕಾದ ಮೇಲೆ, ಒಲೆ ಕಿತ್ತುಕೊಂಡು ಹೊರಟ ಒಕ್ಕಲುಗಳ ಪಾಡು ಹೇಳಬೇಕೆ?

ಮೇಕೆದಾಟಿನಲ್ಲಿ 67 ಟಿ.ಎಂ.ಸಿ.ಯ ಜಲಾಶಯ, 400 ಮೆಗಾವಾಟ್ ವಿದ್ಯುತ್ತು ಎಂಬ ಪ್ರಸ್ತಾಪವನ್ನು ಕರ್ನಾಟಕ ಮುಂದಿಟ್ಟಿದೆ. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ. ಕೆಳಗಿನ ರೈತನ ಭಯವೂ ಸುಳ್ಳಲ್ಲ. ಆದರೆ ಮುಳುಗುವುದು ಕಾಡು. ಕಾಡು ಕುಗ್ಗಿದರೆ ಆನೆ ಎಲ್ಲಿಗೆ ಹೋಗಬೇಕು ಎಂಬುದನ್ನು, ರಾಗಿ ಹೊಲದಲ್ಲಿ ರಾತ್ರಿಯಿಡೀ ಕಾವಲು ಕೂರುವ ಡೆಂಕಣಿಕೋಟೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂದು ಕಲ್ಲಿದ್ದಲು, ಗಾಳಿ, ಬಿಸಿಲು, ಅಣು ಎಲ್ಲವೂ ಸೇರಿ ದೀಪ ಉರಿಸುತ್ತವೆ. ಯಾವುದೂ ಪುಕ್ಕಟೆಯಲ್ಲ. ದೀಪ ಬೇಡವೆಂದು ಯಾರೂ ಹೇಳಲಾರರು. ಆದರೆ ಹೊಸ ಕಟ್ಟೆಯ ಮಾತು ಬಂದಾಗ ಯಾರಿಗೆ ಬೆಳಕು ಎಂದು ಕೇಳುವಂತೆಯೇ, ಯಾರ ಮನೆ, ಯಾರ ಗುಡಿ, ಯಾವ ಕಾಡು ನೀರಿನಡಿ ಹೋಗುತ್ತದೆ ಎಂದೂ ಕೇಳಬೇಕು. ಉತ್ಸವ ಮುಗಿದ ರಾತ್ರಿ ಬೇಡದ ದೀಪವನ್ನು ಆರಿಸುವ ಕೈಯೂ ಆ ಋಣವನ್ನು ಒಂದಿಷ್ಟು ತೀರಿಸಿದಂತೆಯೇ. ತಾಯಿ ಕಾವೇರಿ ಮೇಲಿನವರನ್ನೂ ಕೆಳಗಿನವರನ್ನೂ ಸಮನಾಗಿ ಕಾಯಲಿ.